ಹನ್ನೆರಡು ಸಾವಿರದ ರೇಜರ್, ಅರ್ಧ ಬ್ಲೇಡು

ಭಾಗ 1

ಹನ್ನೆರಡು ಸಾವಿರ ರೂಪಾಯಿಯ ರೇಜರ್ ಚೆನ್ನಾಗಿದೆ. ತುಂಬಾನೇ ಚೆನ್ನಾಗಿದೆ. ನನ್ನ ಸಿಟ್ಟು ಶುರುವಾಗೋದೇ ಅಲ್ಲಿಂದ.

ಕೆಟ್ಟದಾಗಿದ್ದಿದ್ರೆ ಒಂದು ಸ್ಟೋರಿ ಹಾಕಿ, ನಕ್ಕು, ಸುಮ್ಮನಾಗ್ತಿದ್ದೆ. ಇಷ್ಟುದ್ದ ಬರೆಯೋ ಅಗತ್ಯ ಇರ್ತಿರಲಿಲ್ಲ. ಆದರೆ ನಮ್ಮ ಕ್ಲಾಸಲ್ಲೇ ಇಬ್ಬರು ಈ ಥರದ್ದನ್ನ 'ಈಗ ತಗೊಳ್ಳಿ, ಆಮೇಲೆ ಕೊಡಿ' ಆ್ಯಪಿನ ಕಂತಲ್ಲಿ ತರಿಸೋಕೆ ಹೊರಟಿದ್ದಾರೆ. ಇನ್ನೊಬ್ಬನಿಗೆ ಇನ್ನೂ ಮೀಸೆ ಕೂಡ ಸರಿಯಾಗಿ ಬಂದಿಲ್ಲ, ಅವನೂ ಕಾರ್ಟಲ್ಲಿ ಹಾಕಿಟ್ಟಿದ್ದಾನೆ. (ನೀನೇ ಮಗಾ. ಸ್ಕ್ರೀನ್‌ಶಾಟ್ ಕಳಿಸಿದ್ದೂ ನೀನೇ.) ದಿನಕ್ಕೆ ಮೂರು ಸಲ ಅದೇ ರೀಲ್ ಬರ್ತಿದೆ: ಕಪ್ಪು ಹಿನ್ನೆಲೆ, ನಿಧಾನಕ್ಕೆ ಬೀಳೋ ನೀರು, ಹೊಳೆಯೋ ಉಕ್ಕಿನ ಹಿಡಿ, ಗಂಡಸು ಅಂದ್ರೆ ಹೀಗಿರಬೇಕು ಅಂತ ಹೇಳೋ ಒಂದು ಗಡಸು ದನಿ.

ಮೊದಲನೇ ಫೋಟೋದಲ್ಲಿರೋ ರೇಜರ್ ನನ್ನದಲ್ಲ. ನಮ್ಮ ರೂಮಿನ ಸೀನಿಯರ್ ಅಣ್ಣಂದು. ಕೆಲಸಕ್ಕೆ ಸೇರಿ ಮೊದಲ ಬೋನಸ್ಸಲ್ಲಿ ತರಿಸಿಕೊಂಡರು. ಕಸ್ಟಮ್ಸು ಅದೂ ಇದೂ ಸೇರಿ ಹನ್ನೆರಡು ಸಾವಿರ ಬಿತ್ತಂತೆ. ಅವರ ದುಡ್ಡು, ಅವರ ಇಷ್ಟ, ಅದಕ್ಕೆ ನನ್ನ ತಕರಾರಿಲ್ಲ. ಟ್ರೇನಿಂಗ್ ಅಂತ ಮೂರು ವಾರ ಹೊರಗೆ ಹೋಗುವಾಗ 'ನೀನೂ ಒಂದ್ಸಲ ನೋಡೋ' ಅಂತ ಕೊಟ್ಟುಹೋದರು. ಹೆಡ್ಡನ್ನ ಕುದಿಯೋ ನೀರಲ್ಲಿ ತೊಳೆದು, ಹೊಸ ಬ್ಲೇಡು ಹಾಕಿ, ಮೂರು ವಾರದಲ್ಲಿ ಒಂಬತ್ತು ಸಲ ಶೇವ್ ಮಾಡಿದೆ. ಕಂಪನಿ ಹೆಸರು ಹೇಳಲ್ಲ, ಬಿಟ್ಟಿ ಪ್ರಚಾರ ಯಾಕೆ.

ಕ್ಯಾಪ್ಷನ್‌ಗೆ ಜಾಗ ಸಾಲಲ್ಲ, ಅದಕ್ಕೆ ಭಾಗ ಭಾಗವಾಗಿ ಹಾಕ್ತಿದ್ದೀನಿ. ಪೂರ್ತಿ ಓದಿ ಆಮೇಲೆ ಬೈಯಿರಿ.

ಭಾಗ 2

ಗೊತ್ತಿಲ್ಲದವರಿಗೆ ಮೊದಲು ವಿಷಯ ಏನು ಅಂತ ಹೇಳಿಬಿಡ್ತೀನಿ. ಸೇಫ್ಟಿ ರೇಜರ್ ಅಂದ್ರೆ ಬ್ಲೇಡಿನ ಮುಂದೆ ಒಂದು ಕಾವಲು ಪಟ್ಟಿ ಇರೋದು. ಅಲಗು ಚರ್ಮಕ್ಕೆ ಎಷ್ಟು ತಾಗಬೇಕೋ ಅಷ್ಟೇ ತಾಗುತ್ತೆ. ನಮ್ಮ ಅಪ್ಪಂದಿರು ಬಳಸ್ತಿದ್ದ, ಹಿಡಿ ತಿರುಗಿಸಿ ಮುಚ್ಚಳ ತೆಗೆದು ಬ್ಲೇಡು ಹಾಕೋ ರೇಜರ್ ಇದೆಯಲ್ಲ, ಅದರ ಬ್ಲೇಡಿಗೆ ಎರಡು ಕಡೆ ಅಲಗು. ಆ ಬ್ಲೇಡು ತೆಳು, ಸುಮಾರು 0.1 ಮಿಲಿಮೀಟರ್. ಅದಕ್ಕೇ ಅದನ್ನ ಸ್ವಲ್ಪ ಬಗ್ಗಿಸಿ, ಬಿಗಿ ಮಾಡಿ ಕೂರಿಸೋದು. ಸಿಂಗಲ್ ಎಡ್ಜ್ ಅಂದ್ರೆ ಒಂದೇ ಕಡೆ ಅಲಗು. ಈ ದುಬಾರಿ ರೇಜರ್‌ಗೆ ಬರೋ ಬ್ಲೇಡು ಅದರ ಎರಡು ಪಟ್ಟಿಗಿಂತ ದಪ್ಪ. ನೆಟ್ಟಗೆ ನಿಲ್ಲುತ್ತೆ, ಅಲುಗಾಡಲ್ಲ.

ಅಲುಗಾಡದೇ ಇರೋದೇ ಇದರ ಗುಣ. ನೊರೆ ಹಚ್ಚಿ, ಕೆನ್ನೆ ಮೇಲಿಟ್ಟು, ಕೈ ಸಡಿಲ ಬಿಟ್ಟರೆ ಸಾಕು. ಹಿಡಿಯ ಭಾರಕ್ಕೇ ಅದು ಕೆಳಗೆ ಇಳಿಯುತ್ತೆ. ಒತ್ತೋ ಹಾಗಿಲ್ಲ, ಒತ್ತೋ ಅಗತ್ಯಾನೂ ಇಲ್ಲ. ಕೂದಲು ತುಂಡಾಗೋ ಕರಕರ ಸದ್ದು ಕಿವಿಗೆ ಕೇಳಿಸುತ್ತೆ. ನಿಜ ಹೇಳಬೇಕಂದ್ರೆ ಆ ಸದ್ದು ಒಂದು ಖುಷಿ. ಕತ್ತಿನ ಹತ್ತಿರ ನನಗೆ ಯಾವಾಗಲೂ ಏಳ್ತಿದ್ದ ಕೆಂಪು ಗುಳ್ಳೆ ಎರಡನೇ ವಾರಕ್ಕೆ ಇಲ್ಲವೇ ಇಲ್ಲ. ಮುಟ್ಟಿ ನೋಡ್ಕೊಂಡ್ರೆ ಕೆನ್ನೆ ಎಳೆ ಬಾಳೆಲೆ ಥರ.

ತೊಂದರೆನೂ ಹೇಳ್ತೀನಿ. ಹೆಡ್ಡು ದಪ್ಪ, ಮೂಗಿನ ಕೆಳಗೆ ನುಗ್ಗಲ್ಲ. ಅಲಗು ಒಂದೇ ಕಡೆ ಇರೋದ್ರಿಂದ ಬೇಗ ನೊರೆ ತುಂಬುತ್ತೆ, ತಿರುಗಿಸಿ ಇನ್ನೊಂದು ಕಡೆಯಿಂದ ಎಳೆಯೋಣ ಅಂದ್ರೆ ಇನ್ನೊಂದು ಕಡೆಯೇ ಇಲ್ಲ. ಎರಡೆರಡು ಎಳೆತಕ್ಕೂ ತೊಳೀಬೇಕು. ನಮ್ಮ ಪಿಜಿಯಲ್ಲಿ ಬೆಳಗ್ಗೆ ಎಂಟಕ್ಕೆ ನಲ್ಲಿ ನಿಂತುಹೋಗುತ್ತೆ. ಒಂದು ಮಗ್ಗು ನೀರಲ್ಲಿ ಇಡೀ ಮುಖ ಮುಗಿಸೋನಿಗೆ ಇದು ಸಣ್ಣ ವಿಷಯ ಅಲ್ಲ. ರೀಲಲ್ಲಿ ಯಾರ ಮನೆ ನಲ್ಲಿನೂ ನಿಲ್ಲೋದಿಲ್ಲ ಬಿಡಿ.

ಬ್ಲೇಡು ಎಂಟು ಶೇವ್ ಚೆನ್ನಾಗಿ ಬಂತು. ಒಂಬತ್ತನೇದಕ್ಕೆ ಎಳೆಯೋಕೆ ಶುರು ಮಾಡ್ತು.

ಭಾಗ 3

ಈ ರೇಜರ್ ಮಾರೋರು ಹೇಳೋದ್ರಲ್ಲಿ ಒಂದು ಮಾತು ಪೂರ್ತಿ ಸರಿ. ಮುಖಕ್ಕೆ ಐದು ಬ್ಲೇಡು ಬೇಕಾಗಿಲ್ಲ.

1971ರಲ್ಲಿ ಎರಡು ಬ್ಲೇಡಿನ ಕಾರ್ಟ್ರಿಡ್ಜ್ ಬಂತು. 1998ರಲ್ಲಿ ಮೂರು, 2003ರಲ್ಲಿ ನಾಲ್ಕು, 2006ರಲ್ಲಿ ಐದು. ಅಮೆರಿಕದ 'ಸ್ಯಾಟರ್ಡೇ ನೈಟ್ ಲೈವ್' ಅನ್ನೋ ಟಿವಿ ಕಾರ್ಯಕ್ರಮ 1975ರಲ್ಲಿ, ತನ್ನ ಮೊದಲ ಎಪಿಸೋಡಲ್ಲೇ, ಮೂರು ಬ್ಲೇಡಿನ ರೇಜರ್ ಅಂತ ಒಂದು ಗೇಲಿ ಜಾಹೀರಾತು ಮಾಡಿತ್ತು. ಜನ ನಕ್ಕಿದ್ದರು. 23 ವರ್ಷ ಆದಮೇಲೆ ಅದೇ ಮಾಲು ನಿಜವಾಗಿ ಅಂಗಡಿಗೆ ಬಂತು, ಜನ ಸಾಲು ನಿಂತು ತಗೊಂಡ್ರು.

ಬ್ಲೇಡು ಜಾಸ್ತಿಯಾದರೆ ಏನಾಗುತ್ತೆ? ಮೊದಲನೇ ಅಲಗು ಕೂದಲನ್ನ ಸ್ವಲ್ಪ ಮೇಲೆ ಎಳೆಯುತ್ತೆ. ಅದು ವಾಪಸ್ ಒಳಗೆ ಹೋಗೋ ಮುಂಚೆ ಹಿಂದಿನ ಅಲಗು ಕತ್ತರಿಸುತ್ತೆ. ಹಾಗಾಗಿ ಕೂದಲ ತುದಿ ಚರ್ಮಕ್ಕಿಂತ ಕೆಳಗೆ ಇಳಿದುಬಿಡುತ್ತೆ. ಕೈಗೆ ನುಣುಪು. ಆದರೆ ಗುಂಗುರು ಗಡ್ಡದವರಿಗೆ ಆ ಕೂದಲು ಹೊರಗೆ ಬರೋ ಬದಲು ಚರ್ಮದೊಳಗೇ ಬೆಳೆಯುತ್ತೆ, ಗುಳ್ಳೆ ಏಳುತ್ತೆ. ನನ್ನ ಕತ್ತಿನ ಕಥೆ ಅದೇ.

ಇನ್ನೊಂದು ಸಂಗತಿ. 2020ರಲ್ಲಿ ಎಂಐಟಿಯ ಸಂಶೋಧಕರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಹಾಕಿದ್ದರು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗೆ, ಆದರೂ ಬ್ಲೇಡು ಹಾಳಾಗೋದು ಹೇಗೆ ಅಂತ. ಅವರಲ್ಲೊಬ್ಬರು ತಾವೇ ಶೇವ್ ಮಾಡಿಕೊಂಡು, ಆ ಬ್ಲೇಡನ್ನ ಮೈಕ್ರೋಸ್ಕೋಪಿನಲ್ಲಿ ಇಟ್ಟು ನೋಡಿದರು. ಅಲಗು ಸವೆದು ಮೊಂಡಾಗೋದಕ್ಕಿಂತ, ಕೂದಲು ಬಾಗಿದ ಕಡೆ ಸಣ್ಣ ಸಣ್ಣ ಚೂರಾಗಿ ಒಡೆಯುತ್ತೆ ಅಂತ ಗೊತ್ತಾಯ್ತು. ಅಂದ್ರೆ ಖರ್ಚಾಗೋದು ಬ್ಲೇಡು. ಹಿಡಿಯ ಬೆಲೆ ನೋಡಿ ಯಾವ ಕೂದಲೂ ಮೆತ್ತಗಾಗಲ್ಲ.

ಒಂದು ಬ್ಲೇಡು ಸಾಕು, ಒಪ್ಪಿದೆ. ಆ ಒಂದು ಬ್ಲೇಡು ಹಿಡಿಯೋಕೆ ಹನ್ನೆರಡು ಸಾವಿರ ಯಾಕೆ ಅನ್ನೋದೇ ನನ್ನ ಪ್ರಶ್ನೆ.

ಭಾಗ 4

ಬಿಕಾಂ ಓದ್ತಿರೋದು ಯಾತಕ್ಕೆ, ಲೆಕ್ಕ ಹಾಕೋಣ. ವಾರಕ್ಕೆ ಮೂರು ಶೇವ್, ವರ್ಷಕ್ಕೆ 156. ಬ್ಲೇಡಿನ ರೇಟು ಅಣ್ಣ ಕೊಟ್ಟಿದ್ದು ಮತ್ತು ನಮ್ಮ ಬೀದಿ ಅಂಗಡಿಯಲ್ಲಿ ನಾನು ಕೇಳಿದ್ದು.

ದುಬಾರಿ ಸಿಂಗಲ್ ಎಡ್ಜ್: ರೇಜರ್ 12,000. ಹತ್ತು ವರ್ಷ ಬಾಳುತ್ತೆ ಅಂತಿಟ್ಕೊಳ್ಳಿ. ಫಸ್ಟ್ ಸೆಮಲ್ಲಿ ಕಲಿತ ಸ್ಟ್ರೇಟ್ ಲೈನ್ ಸವಕಳಿ ವರ್ಷಕ್ಕೆ 1,200. ಬ್ಲೇಡು ಒಂದಕ್ಕೆ 90 ರೂಪಾಯಿ, ಎಂಟು ಶೇವ್, ವರ್ಷಕ್ಕೆ 20 ಬ್ಲೇಡು, 1,800. ಒಟ್ಟು 3,000. ಒಂದು ಶೇವ್‌ಗೆ 19 ರೂಪಾಯಿ ಚಿಲ್ಲರೆ.

ಐದು ಬ್ಲೇಡಿನ ಕಾರ್ಟ್ರಿಡ್ಜ್: ಒಂದಕ್ಕೆ 200, ಹತ್ತು ಶೇವ್. ವರ್ಷಕ್ಕೆ 16 ಬೇಕು, 3,200. ಒಂದು ಶೇವ್‌ಗೆ 20 ರೂಪಾಯಿ ಐವತ್ತು ಪೈಸೆ.

ಅಪ್ಪನ ಕಾಲದ ಎರಡಲಗಿನ ರೇಜರ್: 300 ರೂಪಾಯಿ, ಅದೇ ಹತ್ತು ವರ್ಷ, ವರ್ಷಕ್ಕೆ 30. ಬ್ಲೇಡು ಮೂರು ರೂಪಾಯಿ, ನಾಲ್ಕು ಶೇವಿಗೊಂದು, ವರ್ಷಕ್ಕೆ 39 ಬ್ಲೇಡು, 117. ಒಟ್ಟು 147. ಒಂದು ಶೇವ್‌ಗೆ 94 ಪೈಸೆ.

ಈಗ ಜಾಹೀರಾತು ನೆನಪು ಮಾಡ್ಕೊಳ್ಳಿ. 'ಕಾರ್ಟ್ರಿಡ್ಜ್‌ಗಿಂತ ಅಗ್ಗ, ಜೀವಮಾನದ ಉಳಿತಾಯ.' ಸುಳ್ಳಾ? ಅಲ್ಲ. 3,000 ಅನ್ನೋದು 3,200ಕ್ಕಿಂತ ಕಮ್ಮಿನೇ. ಯಾವ ಆಡಿಟರೂ ತಪ್ಪು ಹಿಡಿಯೋಕಾಗಲ್ಲ. ಯಾರ ಪಕ್ಕ ನಿಂತ್ಕೊಂಡು ಎತ್ತರ ಅಳೆಸಿಕೊಳ್ಳಬೇಕು ಅಂತ ಅವರೇ ಆರಿಸ್ಕೊಂಡಿದ್ದಾರೆ, ಅಷ್ಟೇ. 147 ರೂಪಾಯಿಯವನನ್ನ ಫೋಟೋಗೇ ಕರೆದಿಲ್ಲ.

ಕಂತಲ್ಲಿ ತಗೊಳ್ಳೋರು ಇದಕ್ಕೆ ಪ್ರೊಸೆಸಿಂಗ್ ಫೀ ಸೇರಿಸಿ. ಒಂದು ಕಂತು ತಪ್ಪಿದರೆ ದಂಡ ಸೇರಿಸಿ. ಇಪ್ಪತ್ತನೇ ವಯಸ್ಸಿಗೇ ಕ್ರೆಡಿಟ್ ಸ್ಕೋರ್ ಹಾಳಾದರೆ, ಮುಂದೆ ಬೈಕ್ ಲೋನ್‌ಗೆ ಹೋದಾಗ ಬ್ಯಾಂಕಿನವರು ನಿಮ್ಮ ಕೆನ್ನೆ ಸವರಿ ನೋಡಲ್ಲ.

ಭಾಗ 5

ನಮ್ಮ ಮಾರ್ಕೆಟಿಂಗ್ ನೋಟ್ಸ್‌ನಲ್ಲಿ ಒಂದು ಕಥೆ ಇದೆ. ಜಿಲೆಟ್ ರೇಜರನ್ನ ಹೆಚ್ಚುಕಮ್ಮಿ ಬಿಟ್ಟಿ ಕೊಟ್ಟು, ಬ್ಲೇಡಲ್ಲಿ ದುಡ್ಡು ಮಾಡಿದ ಅಂತ. ಐದು ಮಾರ್ಕ್ಸಿಗೆ ಬರೆದು ಮುಗಿಸ್ತೀವಿ.

ಕಥೆ ಹಾಗಿರಲಿಲ್ಲ. ಕಿಂಗ್ ಕ್ಯಾಂಪ್ ಜಿಲೆಟ್ 1903ರಲ್ಲಿ ಮಾರಾಟ ಶುರು ಮಾಡಿದಾಗ ಇಡೀ ವರ್ಷಕ್ಕೆ ಹೋಗಿದ್ದು 51 ರೇಜರ್, 168 ಬ್ಲೇಡು. ರೇಜರ್ ಬೆಲೆ ಐದು ಡಾಲರ್, ಆ ಕಾಲದ ಕೂಲಿಯವನಿಗೆ ದೊಡ್ಡ ಮೊತ್ತ. 1904ರಲ್ಲಿ ಪೇಟೆಂಟ್ ಸಿಕ್ಕಿತು. ಪೇಟೆಂಟ್ ಇದ್ದಷ್ಟು ವರ್ಷ ಹಿಡಿಯನ್ನ ದುಬಾರಿಯಾಗೇ ಮಾರಿದರು. 1921ರಲ್ಲಿ ಅದು ಮುಗಿದು, ಬೇರೆಯವರೂ ಅದೇ ಥರದ್ದು ಮಾಡೋಕೆ ದಾರಿ ಆದಾಗ ಅಗ್ಗದ ಹಿಡಿ ಬಂತು. ಷಿಕಾಗೋ ವಿಶ್ವವಿದ್ಯಾಲಯದ ಪ್ರೊಫೆಸರ್ ರ‍್ಯಾಂಡಲ್ ಪಿಕರ್ 2010ರಲ್ಲಿ ಈ ದಂತಕಥೆಯನ್ನ ಬಿಡಿಸಿ ಬರೆದಿದ್ದಾರೆ. ಪರೀಕ್ಷೆಯಲ್ಲಿ ಮಾತ್ರ ನೋಟ್ಸಲ್ಲಿರೋದನ್ನೇ ಬರೀರಿ, ಇಲ್ಲಾಂದ್ರೆ ಮಾರ್ಕ್ಸ್ ಬರಲ್ಲ.

ಒಂದಲಗಿನ ರೇಜರ್ ಅಂತೂ ಜಿಲೆಟ್‌ಗಿಂತ ಹಳೇದು. ನ್ಯೂಯಾರ್ಕಿನ ಕ್ಯಾಂಫೆ ಸಹೋದರರು 1880ರಲ್ಲೇ ಪೇಟೆಂಟ್ ತಗೊಂಡಿದ್ದರು. ಇವತ್ತು ರೀಲಲ್ಲಿ 'ಹೊಸ ಕ್ರಾಂತಿ' ಅಂತ ಬರ್ತಿರೋದು ನಮ್ಮ ಮುತ್ತಾತನ ಕಾಲದ ಮಾಲು.

ಹಳೇದಾದರೆ ತಪ್ಪೇನಿಲ್ಲ. ನೋಡಬೇಕಾದ್ದು ಬೆಲೆಯ ಲೆಕ್ಕ. ಹಿಂದೆ ಹಿಡಿ ದುಬಾರಿ, ಅಥವಾ ಬ್ಲೇಡು ದುಬಾರಿ, ಎರಡರಲ್ಲಿ ಒಂದು. ಇಲ್ಲಿ ಹಿಡಿನೂ ದುಬಾರಿ, ಅದಕ್ಕೆ ಕೂರೋ ಬ್ಲೇಡೂ ದುಬಾರಿ, ಬೀದಿ ಅಂಗಡಿ ಬ್ಲೇಡು ಇದಕ್ಕೆ ಹಿಡಿಸಲ್ಲ. ರೇಜರ್‌ಗೆ ಒಂದೇ ಅಲಗು, ಜೇಬನ್ನ ಮಾತ್ರ ಎರಡೂ ಕಡೆಯಿಂದ ಕುಯ್ಯುತ್ತೆ. ಗಡ್ಡ ಬೋಳಿಸೋಕೆ ಅಂತ ತಗೊಂಡು ತಲೆ ಬೋಳಿಸ್ಕೊಳ್ಳೋದು ಅಂದ್ರೆ ಇದೇ.

ಮಗ್ಗು ನೀರಿನ ಮಾತು ಹೇಳಿದ್ನಲ್ಲ, ಅದಕ್ಕೂ ಒಂದು ಹಿಂದಿನ ಕಥೆ ಇದೆ. 2002ರಲ್ಲಿ ವೆಕ್ಟರ್ ಅನ್ನೋ ರೇಜರನ್ನ ಭಾರತಕ್ಕೆ ತರೋ ಮುಂಚೆ ಜಿಲೆಟ್‌ನವರು ಅದನ್ನ ಪರೀಕ್ಷೆ ಮಾಡಿಸಿದ್ದು ಅಮೆರಿಕದ ಎಂಐಟಿಯಲ್ಲಿ ಓದ್ತಿದ್ದ ಭಾರತೀಯ ಹುಡುಗರ ಕೈಲಿ. ಹುಡುಗರು ಚೆನ್ನಾಗಿದೆ ಅಂದ್ರು. ಇಲ್ಲಿ ಬಂದು ನೋಡಿದ್ರೆ ಜನ ಒಂದು ಲೋಟ ನೀರು ಇಟ್ಕೊಂಡು ಶೇವ್ ಮಾಡ್ತಾರೆ. ಹರಿಯೋ ನಲ್ಲಿ ಇಲ್ಲದೆ ಬ್ಲೇಡಲ್ಲಿ ಸಿಕ್ಕಿದ ಕೂದಲು ಹೊರಗೇ ಬರಲಿಲ್ಲ. ಆಮೇಲೆ ಅವರು ಇಲ್ಲಿನ ಮನೆಗಳಿಗೇ ಬಂದು, ಕೂತು, ನೋಡಿ, 2010ರಲ್ಲಿ ಗಾರ್ಡ್ ಅಂತ ತಂದರು. ರೇಜರ್ 15 ರೂಪಾಯಿ, ಬ್ಲೇಡು 5 ರೂಪಾಯಿ. ಲೋಟದ ನೀರಲ್ಲೇ ತೊಳೆಯೋ ಹಾಗೆ ದೊಡ್ಡ ಸಂದಿ.

ಅದರಲ್ಲಿದ್ದದ್ದೂ ಒಂದೇ ಬ್ಲೇಡು. ಯಾರೂ ಅದಕ್ಕೆ ಕಪ್ಪು ಹಿನ್ನೆಲೆ ಇಟ್ಟು ರೀಲ್ ಮಾಡಲಿಲ್ಲ. ಹದಿನೈದು ರೂಪಾಯಿಗೆ ಸಿಕ್ಕಿದರೆ ಒಂದು ಬ್ಲೇಡು ಬಡವರದ್ದು. ಹನ್ನೆರಡು ಸಾವಿರಕ್ಕೆ ಸಿಕ್ಕಿದರೆ 'ಮಿನಿಮಲಿಸಂ'.

ಭಾಗ 6

ಈಗ ಬರೆಯೋದನ್ನ ಬರೀಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

ಆ ರೀಲ್‌ಗಳಲ್ಲಿ ಎರಡು ಪದ ಪದೇ ಪದೇ ಬರುತ್ತೆ. 'ರಿಚುವಲ್', 'ಕ್ರಾಫ್ಟ್'. ಬಿಸಿ ಟವೆಲ್, ಬ್ಯಾಡ್ಜರ್ ಕೂದಲ ಬ್ರಷ್ಷು, ಬಟ್ಟಲಲ್ಲಿ ನೊರೆ ಎಬ್ಬಿಸೋದು, ಒಂದೇ ಅಲಗು, ಶಾಂತವಾದ ಕೈ. ನೋಡ್ತಾ ಇದ್ದರೆ ನನಗೆ ಲಂಡನ್ ನೆನಪಾಗಲ್ಲ. ಅರಸೀಕೆರೆಯ ಒಂದು ಕಟಿಂಗ್ ಶಾಪ್ ನೆನಪಾಗುತ್ತೆ. ಅದು ನಮ್ಮ ಮಾವಂದು.

ನಾಲ್ಕನೇ ಫೋಟೋ ನೋಡಿ. ಎರಡಲಗಿನ ಬ್ಲೇಡನ್ನ ಕಾಗದದ ಸಮೇತ ಬಗ್ಗಿಸಿ, ಟಕ್ ಅಂತ ಎರಡು ತುಂಡು ಮಾಡಿ, ಒಂದನ್ನ ಮಡಚೋ ಕತ್ತಿಯ ಹಿಡಿಗೆ ಸೇರಿಸ್ತಾರೆ. ಇನ್ನೊಂದು ಮುಂದಿನ ಗಿರಾಕಿಗೆ. ಅರ್ಧ ಬ್ಲೇಡು, ಒಂದೇ ಅಲಗು. ಕಾವಲು ಪಟ್ಟಿ ಇಲ್ಲ, ಆ ಕಾವಲು ಅವರ ಬೆರಳಲ್ಲಿದೆ. ಬ್ರಷ್ಷು ಇದೆ, ನೊರೆ ಇದೆ, ಬಿಸಿನೀರಿದೆ, ಪಟಿಕದ ಕಲ್ಲಿದೆ. ಹನ್ನೆರಡು ಸಾವಿರದ ರೇಜರ್ ಏನನ್ನ ಯಂತ್ರದಲ್ಲಿ ಕೂರಿಸಿದೆಯೋ, ಆ ಕೋನ, ಆ ಹಗುರ ಒತ್ತಡ, ಅದೆಲ್ಲ ಮಾವನ ಮಣಿಕಟ್ಟಲ್ಲಿದೆ. ದಿನಕ್ಕೆ ಇಪ್ಪತ್ತು ಕೆನ್ನೆ, ಬೇರೆ ಬೇರೆ ಚರ್ಮ, ಬೇರೆ ಬೇರೆ ಗಡ್ಡ. ಶೇವಿಂಗ್ ಅರವತ್ತು ರೂಪಾಯಿ. ಅದಕ್ಕೂ ಚೌಕಾಸಿ: 'ಅರ್ಧ ಬ್ಲೇಡಿಗೆ ಅರವತ್ತೇನಯ್ಯಾ?'

ತಾತನ ಕಾಲದಲ್ಲಿ ಅಂಗಡಿನೂ ಇರಲಿಲ್ಲ. ಪೆಟ್ಟಿಗೆ ಹಿಡ್ಕೊಂಡು ಹಳ್ಳಿ ಹಳ್ಳಿ ತಿರುಗ್ತಿದ್ದರು. ಜಗಲಿ ಮೇಲಲ್ಲ, ಹೊಂಗೆ ಮರದ ಕೆಳಗೆ. ಸುಗ್ಗಿ ಆದಮೇಲೆ ವರ್ಷಕ್ಕೊಂದು ಸಲ ಕಣದಲ್ಲಿ ಆಯ ಅಂತ ಇಷ್ಟು ರಾಗಿ ಅಳೆದು ಕೊಡ್ತಿದ್ದರು. ಬೆಳಗ್ಗೆ ಎದ್ದ ತಕ್ಷಣ ಅವರ ಮುಖ ನೋಡಿದರೆ ಅಪಶಕುನ ಅಂತಲೂ ಅಂತಿದ್ದರು. ಅದೇ ಮುಖ ಮದುವೆ ಹಿಂದಿನ ದಿನ, ಸಾವಾದ ಹತ್ತನೇ ದಿನ ಬೇಕೇ ಬೇಕಿತ್ತು.

ನಮ್ಮ ಕಸುಬಿನ ಹೆಸರನ್ನೇ ಬೈಗುಳ ಮಾಡ್ಕೊಂಡಿರೋ ಒಂದು ಪದ ಇದೆ. ಇಲ್ಲಿ ಬರೆಯಲ್ಲ, ನಿಮಗೆಲ್ಲ ಗೊತ್ತು. ಕ್ರಿಕೆಟ್ ಆಡುವಾಗ ಕ್ಯಾಚ್ ಬಿಟ್ಟವನಿಗೆ ನಮ್ಮ ಗ್ರೂಪಲ್ಲೇ ಅದನ್ನ ಕರೆದಿದ್ದೀರಿ, ನಾನು ಪಕ್ಕದಲ್ಲೇ ನಿಂತಿದ್ದಾಗ. ಅದೇ ಗ್ರೂಪಲ್ಲಿ ಮರುದಿನ ಬೆಳಗ್ಗೆ ರೀಲ್ ಬರುತ್ತೆ: 'ದಿ ಲಾಸ್ಟ್ ಆರ್ಟ್ ಆಫ್ ಶೇವಿಂಗ್', ಅಂದ್ರೆ ಕಳೆದುಹೋದ ಕಲೆ ಅಂತೆ. ಎಲ್ಲಿ ಕಳೆದುಹೋಗಿದೆ ಗುರು? ಬಸ್ ಸ್ಟ್ಯಾಂಡ್ ಪಕ್ಕದಲ್ಲಿದೆ. ಬೆಳಗ್ಗೆ ಏಳಕ್ಕೆ ಬಾಗಿಲು ತೆಗೆಯುತ್ತೆ.

ರಜಕ್ಕೆ ಹೋದಾಗ ಆ ರೇಜರನ್ನ ಮಾವನಿಗೆ ತೋರಿಸಿದೆ. ಕೈಯಲ್ಲಿ ತೂಗಿ ನೋಡಿದರು, ಬೆಳಕಿಗೆ ಹಿಡಿದು ಅಲಗು ಎಷ್ಟು ಹೊರಗಿದೆ ನೋಡಿದರು, ತಮ್ಮ ದವಡೆ ಮೇಲೆ ಒಂದು ಎಳೆತ ಎಳೆದರು.

'ಚೆನ್ನಾಗದೆ ಕಣೋ. ಭಾರ ಸರಿಯಾಗಿಟ್ಟವ್ರೆ. ಕೈ ಬರದೇ ಇರೋರಿಗೂ ಕುಯ್ಯಲ್ಲ ಇದು. ಎಷ್ಟಂತೆ?'

ಹೇಳಿದೆ. ಮಾವ ರೇಜರನ್ನ ಒರೆಸಿ ಡಬ್ಬದೊಳಗಿಟ್ಟರು.

'ಅಷ್ಟ್ ದುಡ್ಡಿದ್ರೆ ನಾನು ಕುರ್ಚಿ ಬದಲಾಯಿಸ್ತಿದ್ದೆ. ಮೇಲೆ ಕೆಳಗೆ ಆಗೋದು ಬತ್ತದಲ್ಲ, ಅದು. ಸೊಂಟಕ್ಕೆ ಒಸಿ ಆರಾಮ.'

ಭಾಗ 7

ಭಾಗ 6 ಹಾಕಿದ ಮೇಲೆ ಬಂದ ಮೆಸೇಜ್‌ಗಳಿಗೆ ಇಲ್ಲೇ ಉತ್ತರ.

'ಜಾತಿ ಯಾಕೆ ತಂದೆ ಶೇವಿಂಗ್ ಪೋಸ್ಟಲ್ಲಿ?' ನಾನು ತಂದಿಲ್ಲ. ಆ ಬೈಗುಳ ತಂದವರನ್ನ ಕೇಳಿ.

'ಪ್ಲಾಸ್ಟಿಕ್ ಕಾರ್ಟ್ರಿಡ್ಜ್‌ಗಿಂತ ಇದು ಪರಿಸರಕ್ಕೆ ಒಳ್ಳೇದಲ್ವಾ?' ಹೌದು, ಬ್ಲೇಡು ಬರೀ ಉಕ್ಕು. 300 ರೂಪಾಯಿ ರೇಜರಿನ ಬ್ಲೇಡೂ ಬರೀ ಉಕ್ಕೇ. ಬಳಸಿದ್ದನ್ನ ಒಂದು ಹಳೇ ಡಬ್ಬಿಯಲ್ಲಿ ಹಾಕಿ, ತುಂಬಿದ ಮೇಲೆ ಬಾಯಿ ಭದ್ರ ಮಾಡಿ ಕೊಡಿ. ಬಿಡಿಬಿಡಿಯಾಗಿ ಕಸಕ್ಕೆ ಎಸೆದರೆ ಪೌರಕಾರ್ಮಿಕರ ಕೈ ಕುಯ್ಯುತ್ತೆ.

'ನನಗೆ ಹವ್ಯಾಸ, ಪೆನ್ನು ವಾಚು ಕೂಡಿಸೋ ಥರ.' ದುಡಿದ ದುಡ್ಡಲ್ಲಿ ಧಾರಾಳವಾಗಿ ಕೂಡಿಸಿ. ಅದು ಹವ್ಯಾಸ ಅಂತಲೇ ಹೇಳಿ. ಉಳಿತಾಯ ಅನ್ನಬೇಡಿ, ಗಂಡಸುತನ ಅನ್ನಬೇಡಿ.

ಒಬ್ಬಳು ಕ್ಲಾಸ್‌ಮೇಟ್ ಬರೆದಿದ್ದಾಳೆ: 'ಅದೇ ಬ್ಲೇಡಿಗೆ ಪಿಂಕ್ ಬಣ್ಣ ಹಚ್ಚಿ ನಮಗೆ ಜಾಸ್ತಿ ರೇಟಿಗೆ ಮಾರ್ತಾರೆ, ಅದನ್ನೂ ಬರಿ.' ನೀನೇ ಬರಿ, ಫೋಟೋ ನಾನು ತೆಗೆದುಕೊಡ್ತೀನಿ.

'ಹಾಗಾದ್ರೆ ಏನು ತಗೊಳ್ಳಲಿ?' ಇದನ್ನ ಕೇಳಿದವರೇ ಜಾಸ್ತಿ. ಎರಡಲಗಿನ ಸಾದಾ ರೇಜರ್ ಒಂದು. ಎರಡು ಮೂರು ಥರದ ಬ್ಲೇಡು ಒಂದೊಂದು ಪ್ಯಾಕೆಟ್ ತಂದು, ನಿಮ್ಮ ಚರ್ಮಕ್ಕೆ ಯಾವುದು ಒಗ್ಗುತ್ತೋ ನೋಡಿ. ಸ್ನಾನ ಆದಮೇಲೆ ಶೇವ್ ಮಾಡಿ, ಕೂದಲು ನೆನೆದಿರುತ್ತೆ. ಕೂದಲು ಬೆಳೆಯೋ ದಿಕ್ಕಿಗೇ ಎಳೆಯಿರಿ, ಕತ್ತಿನ ಹತ್ತಿರ ಆ ದಿಕ್ಕು ತಿರುಗುತ್ತೆ, ಮೊದಲು ಬೆರಳಲ್ಲಿ ಸವರಿ ಗೊತ್ತು ಮಾಡ್ಕೊಳ್ಳಿ. ಹಿಡಿಯನ್ನ ಕೆನ್ನೆಯಿಂದ ಸುಮಾರು ಮೂವತ್ತು ಡಿಗ್ರಿ ಓರೆಯಲ್ಲಿ ಇಡಿ. ಒತ್ತಬೇಡಿ. ಮೊದಲ ವಾರ ಒಂದೆರಡು ಕಡೆ ರಕ್ತ ಬರಬಹುದು, ಪಟಿಕ ಒದ್ದೆ ಮಾಡಿ ಒತ್ತಿ ಹಿಡೀರಿ.

ಆ ಕೋನ ಬರೆದರೆ ತಿಳಿಯಲ್ಲ, ಒಂದು ಸಲ ಕೆನ್ನೆ ಮೇಲೆ ಅನುಭವಕ್ಕೆ ಬರಬೇಕು. ಅರಸೀಕೆರೆ ಕಡೆಯವರು ಯಾರಾದರೂ ಇದ್ದರೆ ಮೆಸೇಜ್ ಮಾಡಿ, ಅಂಗಡಿ ಎಲ್ಲಿ ಅಂತ ಹೇಳ್ತೀನಿ. ಮಂಗಳವಾರ ಬೇಡ, ಅಂಗಡಿ ರಜ. ಅರವತ್ತು ರೂಪಾಯಿ ಚಿಲ್ಲರೆ ತನ್ನಿ, ಮಾವನ ಫೋನಲ್ಲಿ ಯುಪಿಐ ಒಂದೊಂದ್ಸಲ ಕೈ ಕೊಡುತ್ತೆ.

#ಒಂದೇಅಲಗು #ಅರ್ಧಬ್ಲೇಡು #ಕಟಿಂಗ್‌ಶಾಪ್ #ಬಿಕಾಂಲೆಕ್ಕ